ಇನ್ಸುಲಿನ್ ಕೊಟ್ಟರೆ ಮುಗೀತಾ? ನಾವು ಮರೆತ ಸಿ-ಪೆಪ್ಟೈಡ್ ಕತೆ

ಸಕ್ಕರೆ ಕಾಯಿಲೆ ಅಂದ್ರೆ ರಕ್ತದಲ್ಲಿನ ಸಕ್ಕರೆಯ ನಂಬರ್ ಅಷ್ಟೇ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಕಣ್ಣು, ಕಿಡ್ನಿ, ಪಾದದ ನರಗಳು ಹಾಳಾಗುವುದು ಮುಖ್ಯವಾಗಿ ಅವುಗಳಿಗೆ ರಕ್ತ ಒದಗಿಸುವ ಅತಿ ಸಣ್ಣ ನಾಳಗಳು ಕೆಡುವುದರಿಂದ.

ಮೇದೋಜೀರಕ ಗ್ರಂಥಿ ಮೊದಲು ತಯಾರಿಸುವುದು ಪ್ರೊಇನ್ಸುಲಿನ್ ಎಂಬ ಉದ್ದನೆಯ ಸರಪಳಿಯನ್ನು. ಅದನ್ನು ಕತ್ತರಿಸಿದಾಗ ಇನ್ಸುಲಿನ್ ಜೊತೆಗೆ 31 ಅಮೈನೋ ಆಮ್ಲಗಳ ಇನ್ನೊಂದು ತುಂಡೂ ಸಿಗುತ್ತದೆ. ಅದೇ ಸಿ-ಪೆಪ್ಟೈಡ್. 1967ರಲ್ಲಿ ಶಿಕಾಗೊದ ಡೊನಾಲ್ಡ್ ಸ್ಟೈನರ್ ಪ್ರೊಇನ್ಸುಲಿನ್ ಪತ್ತೆ ಮಾಡಿದ ನಂತರವೂ ಬಹುಕಾಲ ಈ ತುಂಡನ್ನು ಕೆಲಸಕ್ಕೆ ಬಾರದ್ದು ಅಂತಲೇ ನೋಡಲಾಯಿತು. ಗ್ರಂಥಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ಅಳೆಯುವ ಟೆಸ್ಟ್‌ಗೆ ಮಾತ್ರ ಅದು ಬಳಕೆಯಾಯಿತು.

1990ರ ದಶಕದಲ್ಲಿ ಸ್ವೀಡನ್ನಿನ ಜಾನ್ ವಾರೆನ್ ಮತ್ತು ಇತರರ ಪ್ರಯೋಗಗಳು ಬೇರೆಯದನ್ನೇ ಹೇಳಿದವು. ಸಿ-ಪೆಪ್ಟೈಡ್ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ. ಅದರಿಂದ ನಾಳ ಸಡಿಲವಾಗಿ ರಕ್ತ ಸಲೀಸಾಗಿ ಹರಿಯುತ್ತದೆ. ಕೆಂಪು ರಕ್ತಕಣಗಳೂ ಸುಲಭವಾಗಿ ಬಾಗುವಂತಾಗಿ ಕಿರಿದಾದ ನಾಳದಲ್ಲಿ ನುಸುಳಬಲ್ಲವು.

ಪ್ರಶ್ನೆ ಹುಟ್ಟುವುದು ಇಲ್ಲೇ. ಟೈಪ್ 1 ಕಾಯಿಲೆಯಲ್ಲಿ ಗ್ರಂಥಿಯ ಬೀಟಾ ಕೋಶಗಳು ನಾಶವಾಗುತ್ತವೆ, ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎರಡೂ ಹೋಗುತ್ತವೆ. ಇಂಜೆಕ್ಷನ್ನಿನಲ್ಲಿ ವಾಪಸ್ ಬರುವುದು ಇನ್ಸುಲಿನ್ ಮಾತ್ರ. ಟೈಪ್ 2ರ ಕತೆ ಬೇರೆ, ಅಲ್ಲಿ ಆರಂಭದ ವರ್ಷಗಳಲ್ಲಿ ಸಿ-ಪೆಪ್ಟೈಡ್ ಹೆಚ್ಚೇ ಇರುತ್ತದೆ. ಅಮೆರಿಕ ಮತ್ತು ಕೆನಡಾದ ಡಿಸಿಸಿಟಿ ಅಧ್ಯಯನದಲ್ಲಿ, ಸ್ವಲ್ಪವಾದರೂ ಸಿ-ಪೆಪ್ಟೈಡ್ ಉಳಿಸಿಕೊಂಡ ಟೈಪ್ 1 ರೋಗಿಗಳಿಗೆ ಕಣ್ಣಿನ ತೊಂದರೆ ಕಡಿಮೆ ಇತ್ತು. ಆದರೆ ಅಂಥವರಲ್ಲಿ ಸಕ್ಕರೆಯೂ ಹತೋಟಿಯಲ್ಲಿರುವುದರಿಂದ, ಎಲ್ಲ ಶ್ರೇಯಸ್ಸನ್ನು ಈ ಪೆಪ್ಟೈಡ್‌ಗೇ ಕೊಡಲಾಗದು.

ಹಾಗಾದರೆ ಅದನ್ನೇ ಮದ್ದಾಗಿ ಕೊಡಬಹುದಲ್ಲ? ಪ್ರಯತ್ನ ಆಗಿದೆ. ನರದ ತೊಂದರೆ ಇದ್ದ ಟೈಪ್ 1 ರೋಗಿಗಳಿಗೆ ಒಂದು ವರ್ಷ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಕಂಪನ ಗ್ರಹಿಸುವ ಶಕ್ತಿ ಸುಧಾರಿಸಿತ್ತು, ಆದರೆ ಮುಖ್ಯ ಅಳತೆಯಾದ ನರಸಂಕೇತದ ವೇಗದಲ್ಲಿ ಡಮ್ಮಿ ಔಷಧಿಗಿಂತ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ "ಸಿ-ಪೆಪ್ಟೈಡ್ ಚಿಕಿತ್ಸೆ" ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಆದರೂ ಈ ಕತೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತದೆ: ಸಕ್ಕರೆ ಇಳಿಸುವುದು ಅರ್ಧ ಕೆಲಸ, ಸಣ್ಣ ನಾಳಗಳನ್ನು ಕಾಯುವುದು ಇನ್ನರ್ಧ. ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜಿಸಿದೆ. ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ, ಮೂತ್ರದ ಆಲ್ಬುಮಿನ್, ಪಾದದ ಸ್ಪರ್ಶ ಪರೀಕ್ಷೆ. ಇದಕ್ಕೆ ಹೊಸ ಅಣು ಬೇಕಿಲ್ಲ, ಬಜೆಟ್ ಬೇಕು. ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವು ಸಿಗುತ್ತಿವೆಯಾ ಅಂತ ಕೇಳುವುದು ನಮ್ಮ ಕೆಲಸ.