ಕರೆದರೆ ಓಗೊಡುವ ಎಂಜಿನ್ನು

ಅತ್ತಾವರದ ಆ ಹಂಚಿನ ಮನೆಯ ಅಟ್ಟದ ಮೆಟ್ಟಿಲು ಹತ್ತುವಾಗಲೇ ಕಾದ ರಾಳದ ವಾಸನೆ ಮೂಗಿಗೆ ಬರುತ್ತದೆ. ಆಟಿ ತಿಂಗಳ ಮಳೆ ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿದೆ. ಮಾಡಿನ ಗಾಜಿನ ಹಂಚಿನಿಂದ ಇಳಿಯುವ ಬೂದು ಬೆಳಕು ಸಾಲದೆ ಮಧ್ಯಾಹ್ನ ಮೂರಕ್ಕೇ ಮೇಜಿನ ದೀಪ ಹಚ್ಚಿದ್ದಾರೆ. ಅದರ ಕೆಳಗೆ, ಮಡಚಿಟ್ಟ ಹಳೆಯ ಟವೆಲಿನ ಮೇಲೆ, ಮೈಕವಚ ಕಳಚಿಕೊಂಡು ಮಲಗಿದೆ ಒಂದು ಡೀಸೆಲ್ ಎಂಜಿನ್. ಹೆಚ್ಚೆಂದರೆ ಗೇಣುದ್ದ. ನಡುವೆ ಮೋಟಾರು, ಅದರ ಎರಡೂ ಕಡೆ ಹೊಳೆಯುವ ಹಿತ್ತಾಳೆಯ ಗಾಲಿ, ಅಲ್ಲಿಂದ ಚಕ್ರಗಳಿಗೆ ಇಳಿಯುವ ಸಣ್ಣ ಸಣ್ಣ ಹಲ್ಲುಗಾಲಿಗಳು.

ಮನೆಯ ಯಜಮಾನರು, ನನ್ನ ಹಳೆಯ ಮಿತ್ರರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅದರೊಳಗೆ ಇಣುಕುತ್ತಿದ್ದಾರೆ. ಪಕ್ಕದ ಸ್ಟೂಲಿನಲ್ಲಿ ಮೊಮ್ಮಗಳು, ಕೈಯಲ್ಲಿ ಗೋಳಿಬಜೆ. "ಎಣ್ಣೆ ಕೈಯಲ್ಲಿ ಹಳಿ ಮುಟ್ಟಬೇಡ ಮಗಾ" ಎನ್ನುತ್ತಾರೆ, ತಲೆ ಎತ್ತದೆ.

ಅಮೆರಿಕದ ಸರಕು ಎಂಜಿನ್ನಿನ ಮಾದರಿಯೊಂದಕ್ಕೆ ಅವರೇ ಬಣ್ಣ ಬಳಿದು ಇದನ್ನು ನಮ್ಮ ಡಬ್ಲ್ಯುಡಿಜಿ-4 ಮಾಡಿದ್ದಾರೆ. ನಿಜದಲ್ಲೂ ಇವು ಒಂದೇ ಮನೆತನದವು. ಅಮೆರಿಕದ ವಿನ್ಯಾಸವನ್ನು ತಂದು ಆಮೇಲೆ ವಾರಾಣಸಿಯಲ್ಲಿ ಕಟ್ಟಿದ್ದು. ಅಳತೆ ಅಸಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಮ್ಮ 1,676 ಮಿಲಿಮೀಟರಿನ ಬ್ರಾಡ್‌ಗೇಜಿಗೆ ಈ ಲೆಕ್ಕದಲ್ಲಿ ಹತ್ತೊಂಬತ್ತು ಚಿಲ್ಲರೆ ಬೇಕಿತ್ತು. ಆ ಕೊರತೆ ಮಿತ್ರರನ್ನು ಈಗಲೂ ಕಾಡುತ್ತದೆ.

ಇವತ್ತಿನ ಕೆಲಸ ಇದಕ್ಕೊಂದು ಡಿಕೋಡರ್ ಕೂರಿಸುವುದು. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ, ಚಪ್ಪಟೆ ಚಿಪ್ಪಿನಂಥ ವಸ್ತು, ಅದರ ಬಾಲಕ್ಕೆ ಕೂದಲಿನಷ್ಟು ಸಪೂರದ ಬಣ್ಣದ ತಂತಿಗಳು. ಹಳೆಯ ಪದ್ಧತಿಯಲ್ಲಿ ಹಳಿಗೆ ಎಷ್ಟು ಕರೆಂಟು ಕೊಟ್ಟರೆ ಅಷ್ಟು ವೇಗ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಓಡಬೇಕು, ಎರಡೂ ನಿಲ್ಲಬೇಕು. ಈಗ ಹಾಗಲ್ಲ. ಹಳಿಯಲ್ಲಿ ಯಾವಾಗಲೂ ಹದಿನಾಲ್ಕು ಹದಿನೈದು ವೋಲ್ಟ್ ಹರಿಯುತ್ತಲೇ ಇರುತ್ತದೆ, ಆ ಕರೆಂಟಿನಲ್ಲೇ ಮಾತೂ ಹೋಗುತ್ತದೆ. ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. 58 ಮೈಕ್ರೋಸೆಕೆಂಡಿನ ಗಿಡ್ಡ ತುಡಿತವಾದರೆ ಒಂದು, 100 ಅಥವಾ ಅದಕ್ಕೂ ಉದ್ದವಾದರೆ ಸೊನ್ನೆ. ಆ ಒಂದು ಸೊನ್ನೆಗಳಲ್ಲಿ ಎಂಜಿನ್ನಿನ ನಂಬರು ಮೊದಲು, ಹುಕುಂ ಆಮೇಲೆ. ಎಲ್ಲ ಎಂಜಿನ್ನುಗಳಿಗೂ ಕೇಳಿಸುತ್ತದೆ, ಓಗೊಡುವುದು ಆ ನಂಬರಿನದ್ದು ಮಾತ್ರ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಲೆನ್ಜ್ ಕಂಪನಿಯವರು ರೂಪಿಸಿದ ಈ ಪದ್ಧತಿಯನ್ನು ಮುಂದಿನ ದಶಕದಲ್ಲಿ ಅಮೆರಿಕದ ಮಾದರಿ ರೈಲು ಸಂಘ ಮಾನದಂಡವಾಗಿ ಒಪ್ಪಿಕೊಂಡಿತು. ಹಾಗಾಗಿ ಒಬ್ಬರ ಡಿಕೋಡರಿಗೆ ಇನ್ನೊಬ್ಬರ ಯಂತ್ರದ ಭಾಷೆ ಅರ್ಥವಾಗುತ್ತದೆ.

ಬೆಸುಗೆ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು ಬಹಳ ಹೊತ್ತು ಕೂತರು. ಮೋಟಾರಿನ ಎರಡು ಬ್ರಷ್‌ಗಳಲ್ಲಿ ಯಾವುದೂ ಎಂಜಿನ್ನಿನ ಲೋಹದ ಮೈಗಾಗಲಿ ಹಳಿಯಿಂದ ಬರುವ ತಂತಿಗಾಗಲಿ ತಾಗಿರಬಾರದು. ಒಂದು ಕಡೆ ಮೀಟರು ಕುಂಯ್ ಎಂದಿತು. "ಇದೇ ನೋಡಿ ಮಾರಾಯ್ರೆ. ಮೊದಲನೆಯದಕ್ಕೆ ಇಷ್ಟು ನೋಡ್ಲಿಲ್ಲ ನಾನು. ಒಂದು ಎಳೆ ಹೊಗೆ ಬಂತು, ಆಯ್ತು." ಮೋಟಾರಿನ ಕೆಳಗಿದ್ದ ತಾಮ್ರದ ಪಟ್ಟಿಯನ್ನು ಚಿಮಟದಲ್ಲಿ ಎಬ್ಬಿಸಿ, ಕತ್ತರಿಸಿ, ಆ ಜಾಗಕ್ಕೆ ಅಂಬರ್ ಬಣ್ಣದ ಟೇಪು ಅಂಟಿಸಿದರು. ಮೀಟರು ಮತ್ತೆ ಮುಟ್ಟಿಸಿದಾಗ ಸದ್ದಿಲ್ಲ. ಆಮೇಲೆ ಕೆಲಸ ಸಲೀಸು: ಕೆಂಪು ಬಲಹಳಿಗೆ, ಕಪ್ಪು ಎಡಹಳಿಗೆ, ಕಿತ್ತಳೆ ಮತ್ತು ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ. ಕಾವಿಯ ತುದಿ ಮುಟ್ಟಿದಲ್ಲೆಲ್ಲ ಸೀಸದ ಹನಿ ಒಂದು ಕ್ಷಣ ಮಿನುಗಿ ಮಂಕಾಗುತ್ತದೆ, ರಾಳದ ಹೊಗೆ ದೀಪದ ಸುತ್ತ ಸುಳಿಯುತ್ತದೆ.

ಈಗ ನಾಮಕರಣ. ಕಾರ್ಖಾನೆಯಿಂದ ಬರುವಾಗ ಎಲ್ಲ ಡಿಕೋಡರುಗಳ ನಂಬರೂ 3. ಪಕ್ಕದ ಒಂದು ತುಂಡು ಹಳಿಯ ಮೇಲೆ ಎಂಜಿನ್ ಇಟ್ಟು, ಕೈಯಳತೆಯ ಯಂತ್ರದಲ್ಲಿ ಮೊಮ್ಮಗಳು ಗುಂಡಿ ಒತ್ತಿದಳು. ಎಂಜಿನ್ ಸಣ್ಣಗೆ ಮೈ ಜುಂ ಎನ್ನಿಸಿಕೊಂಡಿತು. ಓಡಲಿಲ್ಲ, ಕೂದಲೆಳೆಯಷ್ಟು ಮಿಸುಕಿತು, ಅಷ್ಟೆ. ಡಿಕೋಡರಿಗೆ ಬಾಯಿಲ್ಲವಲ್ಲ, ಆರು ಮಿಲಿಸೆಕೆಂಡು ಮೋಟಾರಿಗೆ ಕರೆಂಟು ಎಳೆದು ಹೂಂಗುಡುತ್ತದೆ. ನಾನು ಕಣ್ಣು ಕೀಲಿಸಿ ನೋಡುತ್ತಲೇ ಇದ್ದೆ. ಇಡೀ ಮಧ್ಯಾಹ್ನದಲ್ಲಿ ನನ್ನ ಮನಸ್ಸು ಸೆಳೆದದ್ದು ಆ ಮಿಸುಕು. ಅಸಲಿ ಎಂಜಿನ್ನಿನ ಮೇಲೆ ಐದಂಕಿಯ ನಂಬರು ಇರುತ್ತದೆ. ಇಲ್ಲಿ ಕೊನೆಯ ನಾಲ್ಕನ್ನು ಕೊಟ್ಟರು: 2114.

ಇದಕ್ಕೊಂದು ಜತೆ ಆಗಲೇ ಕಾಯುತ್ತಿದೆ, 2087. ಕೋಣೆಯ ಮೂರು ಗೋಡೆಗೆ ಒರಗಿ ಹರಡಿರುವ ಹಲಗೆಯ ಮೇಲೆ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಘಾಟಿ ಇದೆ. 1979ರಲ್ಲಿ ಮೀಟರ್‌ಗೇಜಾಗಿ ತೆರೆದು, ಗೇಜು ಬದಲಿಸಲು ವರ್ಷಗಟ್ಟಲೆ ಮುಚ್ಚಿ, 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡ ದಾರಿ ಅದು. 55 ಕಿಲೋಮೀಟರಿನಲ್ಲಿ 57 ಸುರಂಗ. ಅಟ್ಟದಲ್ಲಿ ಮೂರಕ್ಕಷ್ಟೇ ಜಾಗ ಸಿಕ್ಕಿದೆ. ಧರೆಗೆ ಮುರಕಲ್ಲಿನ ಪುಡಿ, ಕಾಡಿಗೆ ಬಣ್ಣ ಹಾಕಿದ ತೆಂಗಿನ ನಾರು. ಏರು ಮಾತ್ರ ಅಸಲಿಯದ್ದೇ, 50ಕ್ಕೆ 1. ಮೀಟರು ಉದ್ದಕ್ಕೆ ಎರಡು ಸೆಂಟಿಮೀಟರು ಎತ್ತರ.

ಯಡಕುಮೇರಿ ಸ್ಟೇಷನ್ನಿನ ಪಾಯಿಂಟಿನ ಕೆಳಗೆ ಬಗ್ಗಿ ನೋಡಿದೆ. ಒಂಬತ್ತು ಗ್ರಾಮಿನ ಪುಟ್ಟ ಸರ್ವೋ ಮೋಟಾರು, ಅದರ ತೋಳಿಗೆ ಸಿಕ್ಕಿಸಿದ ಸ್ಪ್ರಿಂಗ್ ತಂತಿ ಹಲಗೆಯ ತೂತಿನಿಂದ ಮೇಲೆ ಬಂದು ನಾಲಗೆ ಹಳಿಯನ್ನು ಹಿಡಿದಿದೆ. ಪಾಯಿಂಟಿಗೂ ಒಂದು ನಂಬರು. ಕರೆದರೆ ನಾಲಗೆ ಮೆಲ್ಲನೆ ಸರಿಯುತ್ತದೆ, ಮೂರು ಮಿಲಿಮೀಟರೂ ಇಲ್ಲ. ಹಳೆಯ ಕಾಯಿಲ್ ಮೋಟಾರು ಟಪ್ ಎಂದು ಬಡಿಯುತ್ತಿತ್ತು, ಆ ಪೆಟ್ಟಿಗೆ ಹಳಿಯ ಬೆಸುಗೆ ಬಿಡುತ್ತಿತ್ತು. ನಾಲಗೆ ಸರಿದೊಡನೆ ಕ್ರಾಸಿಂಗಿನ ಕರೆಂಟೂ ಅದಲುಬದಲಾಗಬೇಕು, ಇಲ್ಲದಿದ್ದರೆ ಎಂಜಿನ್ ಅದರ ಮೇಲೆ ಬಂದಾಗ ಶಾರ್ಟ್ ಆಗಿ ಇಡೀ ಘಾಟಿ ಕತ್ತಲು. ಅದಕ್ಕೆಂದೇ ಸರ್ವೋದ ಪಕ್ಕ ಒಂದು ಮೈಕ್ರೋ ಸ್ವಿಚ್ಚು.

ಓಡಿಸುವ ಮೊದಲು ಹಳಿ ಒರೆಸಲೇಬೇಕು. ಕಡಲಿನ ಉಪ್ಪುಗಾಳಿ, ಜೂನಿನಿಂದ ಬಿಡದ ತೇವ, ಎರಡು ದಿನ ಬಿಟ್ಟರೆ ಹಳಿ ಕಂದುತ್ತದೆ. ಮೊಮ್ಮಗಳು ಸ್ಪಿರಿಟಿನಲ್ಲಿ ಅದ್ದಿದ ಪಂಚೆ ತುಂಡಿನಿಂದ ಇಡೀ ಘಾಟಿ ಒರೆಸಿದಳು, ಬಟ್ಟೆ ಕಾಡಿಗೆಯಂತಾಯಿತು. ಕೊಳೆ ಇದ್ದರೆ ಕರೆಂಟಿನ ಜೊತೆ ಮಾತೂ ಕಡಿದುಹೋಗುತ್ತದೆ.

ಮುಂದೆ 2087, ನಡುವೆ ಹನ್ನೆರಡು ಗೂಡ್ಸ್ ಡಬ್ಬಿ, ಹಿಂದಿನಿಂದ ತಳ್ಳಲು 2114. ಅಸಲಿ ಘಾಟಿಯಲ್ಲೂ ಬ್ಯಾಂಕರ್ ಎಂಜಿನ್ ಹೀಗೇ ಹಿಂದೆ ಸೇರಿಕೊಳ್ಳುತ್ತದೆ. ಎರಡಕ್ಕೂ ಒಂದೇ ಓಟ ಬರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಇದು ಮುಂದಾದರೆ ಅದು ಜಗ್ಗುತ್ತದೆ, ಅದು ಮುಂದಾದರೆ ನಡುವಿನ ಡಬ್ಬಿ ಹಳಿ ತಪ್ಪುತ್ತದೆ. "ಕಂಬಳದ ಕೋಣಗಳ ಹಾಗೆ. ಜೋಡಿ ಕೂಡಿ ಬರ್ಬೇಕು" ಎನ್ನುತ್ತ ಒಂದೊಂದೇ ಅಂಕಿ ತಿದ್ದಿದರು.

"ಅಜ್ಜಾ, ಈಗ ಕರೆಯುದಾ?"

"ಕರಿ."

ರೈಲು ಹೊರಟಿತು. ಮೂರೂ ಸುರಂಗ ನುಂಗಿ ಉಗುಳಿದವು. ಸಕಲೇಶಪುರದಲ್ಲಿ ಕೊಂಡಿ ಬಿಡಿಸಿದ ಮೇಲೆ ಅವಳು 2114 ಒತ್ತಿದಳು. ಬ್ಯಾಂಕರ್ ಒಂದೇ, ದೀಪ ಹೊತ್ತಿಸಿಕೊಂಡು, ಅದೇ ಹಳಿಯಲ್ಲಿ ಸುಬ್ರಹ್ಮಣ್ಯದ ಕಡೆಗೆ ಇಳಿಯತೊಡಗಿತು. ಡಬ್ಬಿಗಳ ಮುಂದೆ 2087 ಕದಲದೆ ನಿಂತಿತ್ತು.