ಡೆಲ್ ಮಾರ್ ಸುತ್ತಿನ ಬೋಟಿ ಬಟ್ಟಲು

ಲಾಸ್ ಏಂಜಲೀಸ್‌ನಿಂದ ಪೆಸಿಫಿಕ್ ತೀರ ಹಿಡಿದು ದಕ್ಷಿಣಕ್ಕೆ ಸುಮಾರು 160 ಕಿ.ಮೀ. ಬಂದರೆ ಡೆಲ್ ಮಾರ್. ಸ್ಯಾನ್ ಡಿಯಾಗೊ ಪೇಟೆಗೆ ಇಲ್ಲಿಂದ 30 ಕಿ.ಮೀ. ಅಷ್ಟೇ. ನಾಲ್ಕು ಸಾವಿರದಷ್ಟು ಜನರಿರುವ ಪುಟ್ಟ ಊರು, ಆದರೆ ಸಿರಿವಂತರ ಊರು. ಕಡಲಂಚಿನ ಮರಳುಗಲ್ಲಿನ ದಿಬ್ಬಗಳು, ಅವುಗಳ ಅಂಚಿನಲ್ಲೇ ಸಾಗುವ ರೈಲು ಹಳಿ, ದಕ್ಷಿಣಕ್ಕೆ ಟೋರಿ ಪೈನ್ ಮರಗಳು, ಉತ್ತರಕ್ಕೆ ಸ್ಯಾನ್ ಡಿಯಾಗಿಟೊ ಹೊಳೆಯ ಅಳಿವೆ. ಊರಿಗೆ ಹೆಸರು ತಂದದ್ದು ಕುದುರೆ ರೇಸು. 1937ರ ಜುಲೈ 3ರಂದು ಇಲ್ಲಿನ ರೇಸ್‌ಕೋರ್ಸ್ ತೆರೆದಾಗ ಗಾಯಕ, ನಟ ಬಿಂಗ್ ಕ್ರಾಸ್ಬಿ ಸ್ವತಃ ಬಾಗಿಲಲ್ಲಿ ನಿಂತು ಜನರನ್ನು ಬರಮಾಡಿಕೊಂಡಿದ್ದರು.

ಈ ಊರಿನ ದೊಡ್ಡ ಹೋಟೆಲುಗಳಲ್ಲಿ ಸಿಗುವುದು ಸ್ಟೇಕ್ ಮತ್ತು ಮೀನು. ಬೋಟಿ, ನಾಲಗೆ, ಕಾಲು, ರಕ್ತದ ಅಡುಗೆ ಬೇಕೆಂದವರು ಕಾರು ಹತ್ತಬೇಕು. ಹೆಚ್ಚು ದೂರವೇನಲ್ಲ. ಡೆಲ್ ಮಾರ್ ಸುತ್ತಲಿನ ಊರುಗಳಲ್ಲಿ, ದುಡಿದು ತಿನ್ನುವ ಜನ ತಾವು ಬಿಟ್ಟು ಬಂದ ನಾಡಿನ ಮಿತವ್ಯಯದ ಅಡುಗೆಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಈ ಕರಾವಳಿಯನ್ನು ಅರಿಯಬೇಕೆಂದರೆ ಕಡಲಿನ ಜೊತೆಗೆ ಆ ಅಡುಗೆಮನೆಗಳನ್ನೂ ನೋಡಬೇಕು.

ತೊಗಲಿಗಾಗಿ ಕೊಂದ ಕಾಲ

ಡೆಲ್ ಮಾರ್‌ಗೆ ತಾಗಿದ ಒಳನಾಡು ಒಂದು ಕಾಲಕ್ಕೆ ದನದ ಹುಲ್ಲುಗಾವಲು. ಸ್ಯಾನ್ ಡಿಯಾಗೊದ ಮೊದಲ ಅಲ್ಕಾಲ್ದೆ, ಅಂದರೆ ಊರಿನ ಮುಖ್ಯಸ್ಥನಾಗಿದ್ದ ಹ್ವಾನ್ ಮರಿಯಾ ಓಸುನಾನಿಗೆ ಮೆಕ್ಸಿಕೊ ಸರ್ಕಾರ ಇಲ್ಲಿನ ಸ್ಯಾನ್ ಡಿಯಾಗಿಟೊ ರಾಂಚೊ ಭೂಮಿಯನ್ನು ಕೊಟ್ಟಿತ್ತು. ಆಗ ಕ್ಯಾಲಿಫೋರ್ನಿಯಾದಲ್ಲಿ ದನಕ್ಕೆ ಬೆಲೆ ಇದ್ದದ್ದು ತೊಗಲು ಮತ್ತು ಕೊಬ್ಬಿಗೆ. ಒಣಗಿದ ತೊಗಲಿಗೆ ‘ಕ್ಯಾಲಿಫೋರ್ನಿಯಾದ ಬ್ಯಾಂಕ್ ನೋಟು’ ಎಂಬ ಹೆಸರೇ ಇತ್ತು. ಬಾಸ್ಟನ್‌ನ ಹಡಗುಗಳು ಕೇಪ್ ಹಾರ್ನ್ ಸುತ್ತಿ ಬಂದು, ಸ್ಯಾನ್ ಡಿಯಾಗೊ ಕೊಲ್ಲಿಯ ಲಾ ಪ್ಲಾಯಾದಲ್ಲಿ ತೊಗಲು ಹದ ಮಾಡಿ ಒಯ್ಯುತ್ತಿದ್ದವು. 1835ರಲ್ಲಿ ನಾವಿಕನಾಗಿ ಬಂದು ಆ ಕೆಲಸ ಮಾಡಿದ ರಿಚರ್ಡ್ ಹೆನ್ರಿ ಡಾನಾ 1840ರಲ್ಲಿ ಅದರ ಪುಸ್ತಕವನ್ನೇ ಬರೆದ. ಅವನು ಮರಳಿದ ಹಡಗೊಂದರಲ್ಲೇ ಸುಮಾರು 40,000 ತೊಗಲುಗಳಿದ್ದವು. ಅಷ್ಟೊಂದು ಮಾಂಸ ತಿನ್ನಲು ಜನರಿರಲಿಲ್ಲ, ಕೆಡದಂತೆ ಇಡುವ ದಾರಿಯೂ ಇರಲಿಲ್ಲ. ಬಹುಪಾಲು ಬಯಲಲ್ಲೇ ಕೊಳೆಯಿತು. ಮುಂದೆ ಇದೇ ನೆಲಕ್ಕೆ ಬಂದ ಬಡವರು ಅದೇ ಪ್ರಾಣಿಯ ಕೊನೆಯ ಚೂರನ್ನೂ ಬಿಡದೆ ಬೇಯಿಸಿದರು.

ಮೂರು ದಾರಿ, ಮೂರು ಪಾತ್ರೆ

ಮೊದಲನೆಯದು ಮೆಕ್ಸಿಕೊದ ಮೆನೂಡೊ. ದನದ ಬೋಟಿ ಮತ್ತು ಕಾಲನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ ಮಾಡುವ ಸಾರು ಇದು. ಬ್ಯಾಡಗಿಯ ಹಾಗೆ ಖಾರಕ್ಕಿಂತ ಹೆಚ್ಚು ಬಣ್ಣ ಕೊಡುವ ಗ್ವಾಹೀಯೊ ಒಣಮೆಣಸಿನಕಾಯಿ ರುಬ್ಬಿ ಹಾಕಿದರೆ ಕೆಂಪು ಮೆನೂಡೊ. ಮೆಣಸಿನಕಾಯಿ ಇಲ್ಲದ್ದು ಬಿಳಿಯದು, ಸೊನೋರಾ ಕಡೆಯವರಿಗೆ ಅದೇ ಇಷ್ಟ. ಜೊತೆಗೆ ಸುಣ್ಣದ ನೀರಿನಲ್ಲಿ ಬೇಯಿಸಿ ಸಿಪ್ಪೆ ತೆಗೆದ ದಪ್ಪ ಮೆಕ್ಕೆಜೋಳ. ನಮ್ಮ ಮನೆಗಳಲ್ಲಿ ಸುಣ್ಣ, ಬಿಸಿನೀರು ಹಾಕಿ ಉಜ್ಜಿ ಬೋಟಿ ಶುಚಿ ಮಾಡುವುದುಂಟು. ಅಲ್ಲಿ ಅದೇ ಸುಣ್ಣ ಜೋಳದ ಸಿಪ್ಪೆ ಬಿಡಿಸುತ್ತದೆ, ಜೋಳದೊಳಗಿನ ನಯಾಸಿನ್ ಜೀವಸತ್ವ ಮೈಗೆ ದಕ್ಕುವಂತೆಯೂ ಮಾಡುತ್ತದೆ. ಮೇಲೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ, ಒರೆಗಾನೊ, ನಿಂಬೆರಸ. ಸ್ಯಾನ್ ಡಿಯಾಗೊದ ಬ್ಯಾರಿಯೊ ಲೋಗನ್, ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್‌ನಂಥ ಕಡೆ ಇದು ವಾರಾಂತ್ಯದ ಬೆಳಗಿನ ಊಟ. ಲಾಸ್ ಏಂಜಲೀಸ್ ಬಂದರಿನ ಬಳಿಯ ವಿಲ್ಮಿಂಗ್ಟನ್‌ನಲ್ಲಿ 1946ರಲ್ಲಿ ಶುರುವಾದ ಹ್ವಾನಿಟಾಸ್ ಕಂಪನಿ ಮೆನೂಡೊವನ್ನು ಡಬ್ಬಿಯಲ್ಲೇ ಮಾರುತ್ತದೆ. ಟಾಕೊ ಅಂಗಡಿಗಳಲ್ಲಿ ಲೆಂಗ್ವಾ ಎಂದರೆ ನಾಲಗೆ, ಕಬೇಸಾ ಎಂದರೆ ತಲೆಮಾಂಸ, ತ್ರಿಪಾ ಎಂದರೆ ಗರಿಗರಿಯಾಗಿ ಹುರಿದ ಸಣ್ಣ ಕರುಳು, ಬೂಚೆ ಎಂದರೆ ಹಂದಿಯ ಜಠರ.

ಎರಡನೆಯದು ವಿಯೆಟ್ನಾಮಿನ ಫೋ. ಡೆಲ್ ಮಾರ್‌ನ ಉತ್ತರಕ್ಕಿರುವ ಕ್ಯಾಂಪ್ ಪೆಂಡಲ್ಟನ್ ಸೇನಾ ನೆಲೆಯಲ್ಲಿ 1975ರಲ್ಲಿ ಸುಮಾರು 50,000 ನಿರಾಶ್ರಿತರು ಡೇರೆಗಳಲ್ಲಿ ತಂಗಿದ್ದರು. ಆರೆಂಜ್ ಕೌಂಟಿಯ ಲಿಟಲ್ ಸೈಗಾನ್ ಬೆಳೆಯಲು ಅದೂ ಒಂದು ಕಾರಣ. ಸ್ಯಾನ್ ಡಿಯಾಗೊದ ಎಲ್ ಕಹೋನ್ ಬುಲವಾರ್ಡ್‌ನಲ್ಲೂ ಅದೇ ಹೆಸರಿನ ಪೇಟೆಯಿದೆ. ಎಲುಬಿನ ಸಾರು, ಅಕ್ಕಿ ಶಾವಿಗೆ, ಅದರ ಮೇಲೆ ಪದರು ಪದರಾದ ಬೋಟಿ, ಮೆತ್ತಗೆ ಬೆಂದ ಸ್ನಾಯುರಜ್ಜು. ಅಗ್ಗದ ಭಾಗಗಳಿಂದಲೇ ರುಚಿ ತೆಗೆಯುವ ಅಡುಗೆ.

ಮೂರನೆಯದು ಸ್ಯಾನ್ ಡಿಯಾಗೊ ಪಕ್ಕದ ನ್ಯಾಷನಲ್ ಸಿಟಿಯ ಫಿಲಿಪಿನೊ ಅಡುಗೆ. ಅಮೆರಿಕದ ನೌಕಾಪಡೆ ಫಿಲಿಪೀನ್ಸ್‌ನಿಂದಲೇ ಆಳುಗಳನ್ನು ಸೇರಿಸಿಕೊಳ್ಳುತ್ತಿದ್ದ ಕಾಲದಿಂದ ಇಲ್ಲಿ ಅವರ ನೆಲೆಯಿದೆ. ಹಂದಿಯ ರಕ್ತ ಮತ್ತು ಒಳಭಾಗಗಳನ್ನು ವಿನೆಗರ್ ಹಾಕಿ ಬೇಯಿಸುವ ದಿನುಗುವಾನ್, ದನದ ಬಾಲ ಮತ್ತು ಬೋಟಿಗೆ ಕಡಲೆಕಾಯಿ ಅರೆದು ಹಾಕುವ ಕರೆ-ಕರೆ ಅವರ ಹೆಮ್ಮೆಯ ಅಡುಗೆಗಳು. ಸ್ಯಾನ್ ಡಿಯಾಗೊ ಕೌಂಟಿಯ ಜಾತ್ರೆ 1880ರಲ್ಲಿ ಮೊದಲು ನಡೆದದ್ದೂ ಇದೇ ನ್ಯಾಷನಲ್ ಸಿಟಿಯಲ್ಲಿ. 1936ರಿಂದ ಅದರ ನೆಲೆ ಡೆಲ್ ಮಾರ್. ಇಂದಿಗೂ ಆ ಜಾತ್ರೆಯಲ್ಲಿ ಶಾಲಾ ಮಕ್ಕಳು ತಾವೇ ಸಾಕಿದ ಕುರಿ, ಮೇಕೆ, ಹಂದಿ, ಹೋರಿಗಳನ್ನು ಹರಾಜಿಗೆ ತರುತ್ತಾರೆ.

ಕಾನೂನು, ಬೆಲೆ, ಎಚ್ಚರ

ಅಮೆರಿಕದಲ್ಲಿ ಎಲ್ಲ ಭಾಗವೂ ಸಿಗುವುದಿಲ್ಲ. 1971ರಿಂದ ಪ್ರಾಣಿಗಳ ಶ್ವಾಸಕೋಶವನ್ನು ಜನರ ಆಹಾರವಾಗಿ ಮಾರುವಂತಿಲ್ಲ. 2003ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಹುಚ್ಚು ಹಸು ರೋಗ ಪತ್ತೆಯಾದ ಮೇಲೆ, 30 ತಿಂಗಳು ದಾಟಿದ ದನದ ಮೆದುಳು, ಬೆನ್ನುಹುರಿಗಳಿಗೂ ನಿಷೇಧ ಬಂತು. ಇನ್ನು ಬೆಲೆ. ಬಡವರ ಪಾಲಾಗಿದ್ದ ನಾಲಗೆ, ಬಾಲಗಳು ಈಗ ದುಬಾರಿ. ಇಲ್ಲಿನ ದನದ ನಾಲಗೆ ಜಪಾನಿಗೆ, ಲಿವರ್ ಈಜಿಪ್ಟಿಗೆ, ಬೋಟಿ ಮೆಕ್ಸಿಕೊಗೆ ರಫ್ತಾಗುತ್ತವೆ. ಅಮೆರಿಕದ ಬಹುತೇಕ ಮನೆಗಳು ಬೇಡವೆಂದದ್ದು ಬೇರೆ ದೇಶಗಳಲ್ಲಿ ಬೇಡಿಕೆಯ ಸರಕು.

ಲಿವರ್‌ನಲ್ಲಿ ಕಬ್ಬಿಣ, ಬಿ12 ಹೇರಳ. ಎ ಜೀವಸತ್ವವೂ ತುಂಬಾ ಇರುವುದರಿಂದ ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಯೂರಿಕ್ ಆಮ್ಲದ ತೊಂದರೆಯಿರುವವರು ಒಳಭಾಗದ ಮಾಂಸದಿಂದ ದೂರವಿರುವುದು ಒಳ್ಳೆಯದು.

ನಮ್ಮ ಗುಡ್ಡೆ ಬಾಡಿನ ನ್ಯಾಯ

ಈ ಕರಾವಳಿಯಲ್ಲಿ ಕನ್ನಡದ ಮನೆಗಳೂ ಇವೆ. ಮಂಡ್ಯ, ರಾಮನಗರ, ಬೆಂಗಳೂರು ಗ್ರಾಮಾಂತರದ ಕಡೆಯಿಂದ ಹೋದವರಿಗೆ ಇದ್ಯಾವುದೂ ಹೊಸದಲ್ಲ. ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ ಊರವರು ಚೀಟಿ ಕಟ್ಟಿ ಮರಿ ಕೊಂಡು ಕೊಯ್ದು, ಎಲೆಗಳ ಮೇಲೆ ಗುಡ್ಡೆ ಹಾಕುತ್ತಾರೆ. ಒಬ್ಬರಿಗೆ ತೊಡೆ, ಇನ್ನೊಬ್ಬರಿಗೆ ಕರುಳು ಎಂಬ ಮಾತೇ ಇಲ್ಲ. ಪ್ರತಿ ಗುಡ್ಡೆಗೂ ಒಂದು ಚೂರು ಲಿವರ್, ಒಂದಿಷ್ಟು ಬೋಟಿ, ಒಂದು ಮೂಳೆ ಸಮನಾಗಿ ಬೀಳಬೇಕು. ಬೋಟಿ ಗೊಜ್ಜು, ತಲೆಮಾಂಸ, ಕಾಲು ಸೂಪು ಇವನ್ನು ಬಡತನದ ಗುರುತೆಂದು ನಾಚಿ ಮುಚ್ಚಿಡುವವರು ಈ ನ್ಯಾಯವನ್ನು ನೆನೆಯಬೇಕು. ಜೀವವೊಂದನ್ನು ತೆಗೆದ ಮೇಲೆ ಅದರಲ್ಲಿ ಅರ್ಧವನ್ನು ಎಸೆಯುವುದು ದೊಡ್ಡಸ್ತಿಕೆಯಲ್ಲ, ತಪ್ಪು.

ಡೆಲ್ ಮಾರ್ ನೋಡಲು ಹೋಗುವವರು ಶನಿವಾರ ಇಲ್ಲವೇ ಭಾನುವಾರ ಬೆಳಿಗ್ಗೆ ಬ್ಯಾರಿಯೊ ಲೋಗನ್ ಅಥವಾ ನ್ಯಾಷನಲ್ ಸಿಟಿಯ ಕಡೆ ಹೋಗಿ ಮೆನೂಡೊ ಕೇಳಿ. ಮಧ್ಯಾಹ್ನದವರೆಗೆ ಕಾಯಬೇಡಿ, ಪಾತ್ರೆ ಖಾಲಿಯಾಗಿರಬಹುದು. ಅಲ್ಲೇ ನೆಲೆಸಿರುವ ಕನ್ನಡಿಗರಿಗೆ ಇನ್ನೊಂದು ಮಾತು: ಹಲಾಲ್ ಅಂಗಡಿಗಳಲ್ಲಿ ಮೇಕೆಯ ಕಾಲು, ಬೋಟಿ ಕೇಳಿ ತರಿಸಿಕೊಳ್ಳಬಹುದು. ಅದನ್ನು ತೊಳೆದು ಹದ ಮಾಡುವ ಬಗೆಯನ್ನು ಅಮ್ಮ, ಅಜ್ಜಿಯರು ಇರುವಾಗಲೇ ಕೇಳಿ ಕಲಿತುಕೊಳ್ಳಿ, ಮಕ್ಕಳಿಗೂ ಕಲಿಸಿ.