ಕಂಪನಿಯ ಸ್ಥಳಾಂತರ: ಗಡಿ ದಾಟುವ ಮುನ್ನ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ಉದ್ಯಮಿಗಳಿಗೆ ಕೊಲ್ಹಾಪುರ, ಇಚಲಕರಂಜಿ, ಮೀರಜಗಳು ನಿತ್ಯ ವ್ಯವಹಾರದ ಪೇಟೆಗಳು. ಆದುದರಿಂದಲೇ "ಕಂಪನಿಯನ್ನೇ ಗಡಿಯಾಚೆಗೆ ಒಯ್ದರೆ ಲಾಭವೆಷ್ಟು?" ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಉತ್ತರಕ್ಕೆ ಮೊದಲು, ನೋಂದಾಯಿತ ಕಚೇರಿ ಬೇರೆ, ಕಾರ್ಖಾನೆ ಬೇರೆ ಎಂಬುದನ್ನು ನೆನಪಿಡಬೇಕು.

ಯುರೋಪಿನಲ್ಲಿ ದೇಶಕ್ಕೊಂದು ಕಂಪನಿ ಕಾನೂನು ಇದೆ. ಡೆನ್ಮಾರ್ಕಿನ ದಂಪತಿಗಳು ತಮ್ಮಲ್ಲಿನ ಕನಿಷ್ಠ ಬಂಡವಾಳದ ನಿಯಮದಿಂದ ಪಾರಾಗಲು ಬ್ರಿಟನ್ನಿನಲ್ಲಿ 'ಸೆಂಟ್ರೋಸ್' ಕಂಪನಿಯನ್ನು ನೋಂದಾಯಿಸಿ, ಸ್ವದೇಶದಲ್ಲಿ ಅದರ ಶಾಖೆ ತೆರೆಯಬಯಸಿದರು. ಅಧಿಕಾರಿಗಳು ನಿರಾಕರಿಸಿದ್ದು ತಪ್ಪೆಂದು ಯುರೋಪಿನ ನ್ಯಾಯಾಲಯವು 1999ರಲ್ಲಿ ತೀರ್ಪಿತ್ತಿತು. ಜರ್ಮನಿಯ ಸಣ್ಣ ಉದ್ಯಮಿಗಳೂ ಬ್ರಿಟಿಷ್ ಕಂಪನಿಗಳತ್ತ ವಾಲಿದಾಗ, ಆ ದೇಶವು 2008ರಲ್ಲಿ 1 ಯೂರೋ ಬಂಡವಾಳದ ಕಂಪನಿಗೆ ಅವಕಾಶ ಕಲ್ಪಿಸಿತು. ಕಾನೂನು ಕಾನೂನುಗಳ ನಡುವಿನ ಪೈಪೋಟಿ ಎಂದರೆ ಇದು.

ನಮ್ಮಲ್ಲಿ ಇಂತಹ ಪೈಪೋಟಿಗೆ ಆಸ್ಪದವಿಲ್ಲ. ಕಂಪನಿಗಳ ಅಧಿನಿಯಮ, 2013 ನಿಪ್ಪಾಣಿಗೂ ಕಾಗಲಕ್ಕೂ ಒಂದೇ. ಆದಾಯ ತೆರಿಗೆಯೂ ಒಂದೇ. ಕಚೇರಿಯನ್ನಷ್ಟೇ ಒಯ್ದರೆ ಮುಖ್ಯವಾಗಿ ಬದಲಾಗುವುದು ರಿಜಿಸ್ಟ್ರಾರರ ಹಾಗೂ ನ್ಯಾಯಮಂಡಳಿಯ ವ್ಯಾಪ್ತಿ. ಕಾರ್ಖಾನೆ ಇಲ್ಲಿಯೇ ಉಳಿದರೆ ಇಲ್ಲಿನ ಜಿಎಸ್‌ಟಿ ನೋಂದಣಿ, ಕಾರ್ಮಿಕರ ವೃತ್ತಿ ತೆರಿಗೆ, ವಿದ್ಯುತ್ ದರ ಯಾವುದೂ ತಪ್ಪದು.

ಕಾರ್ಯವಿಧಾನವಂತೂ ಹಗುರವಲ್ಲ. 13ನೆಯ ಕಲಮಿನಂತೆ ಸದಸ್ಯರ ವಿಶೇಷ ಗೊತ್ತುವಳಿಯಾಗಬೇಕು. ಕನ್ನಡ ಹಾಗೂ ಇಂಗ್ಲಿಷ್ ಪತ್ರಿಕೆಗಳಲ್ಲಿ ಜಾಹೀರಾತು ಬರಬೇಕು. ಸಾಲ ಕೊಟ್ಟವರ ಪಟ್ಟಿ ಸಲ್ಲಿಸಿ ಅವರಿಗೆ ನೋಟಿಸು ಕೊಡಬೇಕು. ರಾಜ್ಯದ ಮುಖ್ಯ ಕಾರ್ಯದರ್ಶಿಗೂ ಅರ್ಜಿಯ ಪ್ರತಿ ತಲುಪಬೇಕು. ಸ್ಥಳಾಂತರದ ಕಾರಣಕ್ಕೆ ನೌಕರರನ್ನು ಕೆಲಸದಿಂದ ತೆಗೆಯಲಾಗದು. ಪ್ರಾದೇಶಿಕ ನಿರ್ದೇಶಕರ ಅನುಮೋದನೆ ಇಲ್ಲದೆ ಬದಲಾವಣೆ ಊರ್ಜಿತವಾಗದು.

ರಾಜ್ಯವು ತನ್ನ ವರಮಾನ ಕುಗ್ಗುವುದೆಂದು ತಡೆಯಬಹುದೇ? ಓರಿಯಂಟ್ ಪೇಪರ್ ಮಿಲ್ಸ್ ಪ್ರಕರಣದಲ್ಲಿ ಒರಿಸ್ಸಾ ಉಚ್ಚ ನ್ಯಾಯಾಲಯವು 1957ರಲ್ಲಿ ಆ ವಾದವನ್ನು ಎತ್ತಿಹಿಡಿಯಿತು. ಮ್ಯಾಕಿನಾನ್ ಮೆಕೆಂಜಿ ಪ್ರಕರಣದಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯವು 1967ರಲ್ಲಿ ಅದನ್ನು ಒಪ್ಪಲಿಲ್ಲ.

ನಮ್ಮಲ್ಲಿ ನಿಜವಾದ ಪೈಪೋಟಿ ಇರುವುದು ಭೂಮಿ, ವಿದ್ಯುತ್ತು ಮತ್ತು ಸರ್ಕಾರದ ಸವಲತ್ತುಗಳಲ್ಲಿ. 2013ರ ಸುಮಾರಿಗೆ ಕೊಲ್ಹಾಪುರದ ಉದ್ಯಮಿಗಳು ಕರ್ನಾಟಕಕ್ಕೆ ಬರುವ ಮಾತನ್ನಾಡಿದ್ದು ವಿದ್ಯುತ್ ದರಕ್ಕಾಗಿಯೇ ಹೊರತು ಕಂಪನಿ ಕಾನೂನಿಗಾಗಿ ಅಲ್ಲ. ಈ ಸವಲತ್ತುಗಳು ಕಾರ್ಖಾನೆ ಇರುವಲ್ಲಿ ದೊರೆಯುವಂಥವು. ಕಚೇರಿಯ ಫಲಕವನ್ನು ಹಿಂಬಾಲಿಸುವಂಥವಲ್ಲ. ಆದ್ದರಿಂದ ಸದಸ್ಯ ಬಾಂಧವರು ಗೊತ್ತುವಳಿ ಬರೆಯುವ ಮೊದಲು ಎರಡೂ ಕಡೆಯ ಖರ್ಚಿನ ತಾಳೆಪಟ್ಟಿ ಮಾಡಿ ನೋಡುವುದು ಒಳಿತು.